ಓಡದೆ ಉರಿದ ಡೀಸೆಲ್

ಕಳೆದ ವಾರ ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ ನಾನು ಕೂತಿದ್ದ ಆಟೋ ಒಂದು ಪಿಕಪ್ ಗಾಡಿಯ ಹಿಂದೆ ನಿಂತಿತ್ತು. ಸೋನೆ ಹಿಡಿದಿತ್ತು. ಸಿಗ್ನಲ್ ಹಸಿರಾಗಿ ಮತ್ತೆ ಕೆಂಪಾದರೂ ಸಾಲು ಕದಲಲಿಲ್ಲ. ಆಟೋದವರು ಬೇಸತ್ತು ಎಂಜಿನ್ ಆರಿಸಿದರು. ಮುಂದಿದ್ದ ಪಿಕಪ್ ಮಾತ್ರ ಆರಲಿಲ್ಲ, ನಿಂತಲ್ಲೇ ನಡುಗುತ್ತಿತ್ತು. ಒದ್ದೆ ಗಾಳಿಯಲ್ಲಿ ಮೇಲೇಳಲಾರದೆ ಡೀಸೆಲ್ ಹೊಗೆ ನೆಲ ಹಿಡಿದು ಬಂದು ಆಟೋದೊಳಗೆ ಕೂತಿತು. ಆರ್.ಟಿ. ನಗರದ ಮನೆಗೆ ಬಂದು ಸೀರೆ ಬದಲಾಯಿಸಿದ ಮೇಲೂ ಆ ವಾಸನೆ ಮೂಗಿನಲ್ಲಿತ್ತು. ಅದರ ಜೊತೆಗೆ ಹುಣಸಮಾರನಹಳ್ಳಿಯ ಆ ಒಂದು ಆಷಾಢವೂ ಬಂತು.

ನಾನು ಇತಿಹಾಸ ಪಾಠ ಮಾಡುವವಳು. ಕಣ್ಣಾರೆ ಕಂಡೆ ಎನ್ನುವವರನ್ನೇ ಮೊದಲು ಅನುಮಾನಿಸಿ ಎಂದು ತರಗತಿಯಲ್ಲಿ ಹೇಳುತ್ತೇನೆ. ಈ ವಿಷಯದಲ್ಲಿ ಕಣ್ಣಾರೆ ಕಂಡವಳು ನಾನೇ. ದಿನಚರಿ ಬರೆಯುವ ಅಭ್ಯಾಸ ಆಗಲೂ ಇತ್ತು. ಆದರೆ ಆ ತಿಂಗಳ ಪುಟಗಳನ್ನು ಈಗ ತೆರೆದರೆ ಗಾಳಿ, ಮೋಡ, ಹುಳಿಸಾರು ಇವೇ ಹೆಚ್ಚು. ಉಳಿದದ್ದರಲ್ಲಿ ಎಷ್ಟು ನಡೆದದ್ದು, ಎಷ್ಟು ಆಮೇಲೆ ನನ್ನೊಳಗೆ ಬೆಳೆದದ್ದು ಎಂದು ಬೇರ್ಪಡಿಸಲಾರೆ. ಡೀಸೆಲ್ ಲೆಕ್ಕವೊಂದನ್ನು ಮಾತ್ರ ಧೈರ್ಯವಾಗಿ ಹೇಳಬಲ್ಲೆ.

ಆ ವರ್ಷ ಕಾಲೇಜಿನವರು ನನ್ನ ತಾತ್ಕಾಲಿಕ ಕೆಲಸವನ್ನು ಮುಂದುವರಿಸಲಿಲ್ಲ. ಬೇರೆ ಕಡೆ ಸಿಗುವವರೆಗೆ ಎಂದು ಅಪ್ಪನ ಮನೆಗೆ ಬಂದೆ. ಏರ್‌ಪೋರ್ಟ್ ರಸ್ತೆಯ ಪಕ್ಕ, ಸರ್ವಿಸ್ ರಸ್ತೆಗಿಂತ ತಗ್ಗಿನಲ್ಲಿ ನಮ್ಮ ಶಾಮಿಯಾನ ಅಂಗಡಿ. ಹೊಲಗಳೆಲ್ಲ ಲೇಔಟ್ ಆದ ಕಾಲದಲ್ಲಿ ತಾತ ಬಂದ ದುಡ್ಡನ್ನು ಕಟ್ಟಡಕ್ಕೆ ಹಾಕದೆ ಕುರ್ಚಿ, ಕೊಳಗ, ಪಡದೆಗಳಿಗೆ ಹಾಕಿದರಂತೆ. ಮದುವೆಗೂ ನೆರಳು ಬೇಕು, ಸಾವಿಗೂ ನೆರಳು ಬೇಕು ಎನ್ನುವುದು ಅವರ ಮಾತು. ತಾತ ಹೋದ ಮೇಲೆ ಅಂಗಡಿಯನ್ನು ಅಪ್ಪ ನೋಡಿಕೊಂಡ, ಗಾಡಿಯನ್ನು ಚಿಕ್ಕಪ್ಪ ಮುನಿರಾಜು. ಚಿಕ್ಕಪ್ಪ ಮದುವೆಯಾಗಲಿಲ್ಲ. ಅಂಗಡಿಯ ಹಿಂದಿನ ಕೋಣೆಯಲ್ಲಿ ಮಲಗುತ್ತಿದ್ದ, ಮೂರು ಹೊತ್ತೂ ನಮ್ಮನೆಯಲ್ಲಿ ಉಣ್ಣುತ್ತಿದ್ದ, ಉಳಿದ ಆಯುಷ್ಯವೆಲ್ಲ ಪಿಕಪ್ಪಿನ ಸ್ಟಿಯರಿಂಗ್ ಹಿಂದೆ.

ಅಣ್ಣತಮ್ಮಂದಿರು ನೇರವಾಗಿ ಮಾತಾಡಿದ್ದನ್ನು ನಾನು ಕಂಡೇ ಇರಲಿಲ್ಲ. ಜಗಳವೂ ಇಲ್ಲ. ಒಂದೇ ಬೆಂಚಿನ ಎರಡು ತುದಿಯಲ್ಲಿ ಕೂತು ಟೀ ಕುಡಿಯುತ್ತಲೇ ಅಪ್ಪ ನನ್ನ ಕಡೆ ತಿರುಗಿ, "ಆ ಡ್ರೈವರ್‌ಗೆ ಹೇಳು, ನಾಳೆ ಬಾಗಲೂರು ಕಡೆ ಕುರ್ಚಿ ಹೋಗ್ಬೇಕು" ಎನ್ನುತ್ತಿದ್ದ. ಚಿಕ್ಕಪ್ಪನೂ ನನಗೇ, "ಓನರ್‌ಗೆ ಹೇಳವ್ವ, ಡ್ರೈವರ್‌ಗೆ ಕಿವಿ ಚೆನ್ನಾಗವೆ ಅಂತ" ಎನ್ನುತ್ತಿದ್ದ. ಪಡದೆ ಕಟ್ಟುವ ವೇಲು ಇಬ್ಬರ ನಡುವೆ ನಿಂತು, ಮೇಡಂ ಬಂದ ಮೇಲೆ ನನಗೆ ಅಂಚೆ ಕೆಲಸ ತಪ್ಪಿತು ಎಂದು ನಗುತ್ತಿದ್ದ.

ಅಪ್ಪ ನನಗೆ ಡೀಸೆಲ್ ಉಸ್ತುವಾರಿ ಕೊಟ್ಟ. ಮೊದಲ ದಿನ ನಾನು ಅಂಗಳದಲ್ಲಿ ನಿಂತಿದ್ದ ಗಾಡಿಯ ಕೀ ತಿರುಗಿಸಿ, ಡೀಸೆಲ್ ಮುಳ್ಳು ಅರ್ಧದ ಮೇಲಿದೆ ಎಂದು ಸಮಾಧಾನದಿಂದ ಹೇಳಿದೆ. ಚಿಕ್ಕಪ್ಪ ಹತ್ತಿ, ಗಾಡಿಯನ್ನು ರಸ್ತೆಯ ಮಟ್ಟಕ್ಕೆ ತಂದು ನಿಲ್ಲಿಸಿ ತೋರಿಸಿದ. ಮುಳ್ಳು ಕಾಲುಭಾಗಕ್ಕೆ ಇಳಿದಿತ್ತು.

"ಇಂಗೆ ಇಳಿಜಾರಲ್ಲಿ ನಿಂತಾಗ ಮುಳ್ಳು ನೋಡ್ಬಾರ್ದು ಕಣವ್ವ" ಎಂದ. "ಮಟ್ಟ ಇರೋ ಕಡೆ ನಿಲ್ಸು. ಒಂದ್ ಗಳಿಗೆ ಸುಮ್ನಿರು. ಆಮೇಲೆ ಕೇಳು, ನಿಜ ಹೇಳ್ತದೆ."

ಟ್ಯಾಂಕಿನೊಳಗೆ ಒಂದು ಬೆಂಡು ತೇಲುತ್ತಿರುತ್ತದೆ, ಡೀಸೆಲ್ ಯಾವ ಕಡೆ ಜರುಗಿದರೆ ಅದು ಆ ಮಾತು ಹೇಳುತ್ತದೆ ಎಂದು ವಿವರಿಸಿದ. ನಮ್ಮ ಗಾಡಿ ಮೂತಿ ಕೆಳಗೆ ಮಾಡಿ ನಿಂತರೆ ಮುಳ್ಳು ಏರುತ್ತಿತ್ತು, ಮೂತಿ ಮೇಲೆ ಮಾಡಿದರೆ ಕುಸಿಯುತ್ತಿತ್ತು. ಅರ್ಧದವರೆಗೆ ಆಮೆಯಂತೆ ಇಳಿಯುವುದು, ಅರ್ಧ ದಾಟಿದರೆ ಓಡುವುದು. ಇಷ್ಟು ಚಂಚಲವಾದದ್ದನ್ನು ನಂಬಿ ಲೆಕ್ಕ ಬರೆಯುವುದು ನನಗೆ ಒಗ್ಗಲಿಲ್ಲ. ಒಂದೇ ಬಂಕಿಗೆ ಹೋಗಿ, ನಳಿಕೆ ತಾನಾಗಿ ಕಟ್ ಆಗುವವರೆಗೆ ಟ್ಯಾಂಕ್ ತುಂಬಿಸಿ, ಮೀಟರಿನ ಕಿಲೋಮೀಟರ್ ಗುರುತು ಹಾಕಿಕೊಂಡೆ. ಮುಂದಿನ ಸಲ ಅಲ್ಲೇ ಮತ್ತೆ ತುಂಬಿಸಿದಾಗ ಎಷ್ಟು ಲೀಟರ್ ಹಿಡಿಯಿತೋ ಅಷ್ಟೇ ಖರ್ಚು. ಓಡಿದ ದೂರವನ್ನು ಅದರಿಂದ ಭಾಗಿಸಿದರೆ ಮೈಲೇಜು. ಮುಳ್ಳಿನ ಸಾಕ್ಷಿಯೇ ಬೇಡ.

ಮದುವೆಯ ತಿಂಗಳುಗಳಲ್ಲಿ ಲೀಟರಿಗೆ ಹದಿನಾಲ್ಕು ಬಂತು. ತುಂಬಿದ ಗಾಡಿ, ಹೆಬ್ಬಾಳದ ಟ್ರಾಫಿಕ್ಕು ಎಲ್ಲ ಸೇರಿ ಅದು ಒಳ್ಳೆಯದೇ. ಆಷಾಢ ಹುಟ್ಟಿತು. ಮೈಲೇಜು ಒಂಬತ್ತಕ್ಕೆ ಬಿತ್ತು.

ಮೊದಲು ನನ್ನ ಲೆಕ್ಕವನ್ನೇ ಅನುಮಾನಿಸಿದೆ. ಮತ್ತೆ ತುಂಬಿಸಿ ನೋಡಿದೆ. ಮೆಕ್ಯಾನಿಕ್ ಟ್ಯಾಂಕಿನಡಿ ಮಲಗಿ ಸೋರಿಕೆ ಹುಡುಕಿದ, ಫಿಲ್ಟರ್ ಬದಲಿಸಿದ, ಟೈರಿನ ಗಾಳಿ ನೋಡಿದ, ಕೈ ಒರೆಸಿಕೊಂಡು ಗಾಡಿಯಲ್ಲಿ ಏನೂ ಇಲ್ಲ ಎಂದ. ಮೀಟರಿನಲ್ಲಿ ಸುಮ್ಮನೆ ಓಡಿದ ಕಿಲೋಮೀಟರುಗಳೂ ಇರಲಿಲ್ಲ. ಹೋದ ಊರು, ಬಂದ ದಾರಿ ಎಲ್ಲ ತಾಳೆಯಾಗುತ್ತಿತ್ತು. ಗಾಡಿ ಓಡದೆ ಡೀಸೆಲ್ ಖಾಲಿಯಾಗುತ್ತಿತ್ತು. ಹಾಗಾದರೆ ಉಳಿಯುವ ಅರ್ಥ ಒಂದೇ, ಯಾರೋ ಪೈಪು ಹಾಕಿ ಎಳೆಯುತ್ತಿದ್ದಾರೆ. ಗಾಡಿಯ ಕೀ ಇದ್ದದ್ದು ಒಬ್ಬನ ಜೇಬಿನಲ್ಲಿ.

ಅಪ್ಪ ಅದನ್ನು ಬೆಂಚಿನ ಮೇಲೆ ಕೂತೇ, ನನ್ನ ಮುಖ ನೋಡುತ್ತಲೇ ಹೇಳಿದ. "ಆಷಾಢ ಮುಗೀಲಿ. ಶ್ರಾವಣಕ್ಕೆ ದಾಸರಹಳ್ಳಿಯಿಂದ ಬೇರೆ ಡ್ರೈವರ್ ಬರ್ತಾನೆ ಅಂತ ಹೇಳು. ಮಾತಾಡಾಗಿದೆ."

ಚಿಕ್ಕಪ್ಪ ಟೀ ಲೋಟವನ್ನು ನೆಲಕ್ಕಿಟ್ಟ. ತಮಾಷೆಯ ಮಾತು ಬರುತ್ತದೆಂದು ಕಾದೆ. ಬರಲಿಲ್ಲ. "ಗಾಡಿ ಬಿಟ್ಟು ನಾನೇನ್ ಮಾಡ್ಲಿ ಅಂತ ಕೇಳವ್ವ" ಎಂದಷ್ಟೇ ಹೇಳಿದ. ಅಪ್ಪ ಎದ್ದು ಒಳಗೆ ಹೋದ. ನಾನು ಯಾರಿಗೂ ಏನನ್ನೂ ತಲುಪಿಸಬೇಕಾಗಿ ಬರಲಿಲ್ಲ.

ಮೈಲೇಜು ಆಷಾಢದಲ್ಲೇ ಏಕೆ ಬೀಳಬೇಕು ಎಂಬುದು ನನಗೆ ತೋಚಿದ್ದು ಆಮೇಲೆ. ಆಷಾಢದಲ್ಲಿ ಮದುವೆಯಿಲ್ಲ, ಗೃಹಪ್ರವೇಶವಿಲ್ಲ. ಗಾಡಿ ಹೊರಡುವುದೆಲ್ಲ ಸಾವಿನ ಮನೆಗೆ, ನೀಲಿ ಪಡದೆ, ಕುರ್ಚಿ, ನೀರಿನ ಡ್ರಮ್ಮು, ಹೆಣ ಇಡುವ ಫ್ರೀಜರ್ ಬಾಕ್ಸ್ ಹೊತ್ತುಕೊಂಡು. ವೇಲು ಮತ್ತು ಜೊತೆಯವರು ಪಡದೆ ಕಟ್ಟಲು ಅಲ್ಲೇ ಉಳಿಯುತ್ತಾರೆ. ಚಿಕ್ಕಪ್ಪ ಒಬ್ಬನೇ ವಾಪಸ್ ಬರುತ್ತಾನೆ. ಸಾವಿನ ಮನೆಗೆ ಹೋದ ಗಾಡಿ ಹೋದ ದಾರಿಯಲ್ಲಿ ಹಿಂದಿರುಗಬಾರದು ಎನ್ನುವುದು ತಾತನ ಕಾಲದಿಂದ ನಮ್ಮ ಅಂಗಡಿಯ ಕಟ್ಟಳೆ. ಬಂದ ಮೇಲೆ ಚಕ್ರಗಳಿಗೆ ನೀರು ಹಾಕುವವರೆಗೆ ಎಂಜಿನ್ ಆರಿಸಬಾರದು ಎನ್ನುವುದು ಇನ್ನೊಂದು. ಎರಡೂ ತಾತನದೇ ಎಂದು ನಾನು ತಿಳಿದಿದ್ದೆ.

ದೊಡ್ಡಬಳ್ಳಾಪುರ ರಸ್ತೆಯ ಕಡೆಯ ಒಂದು ಊರಿಗೆ ಹೊರಟ ದಿನ ನಾನೂ ಹತ್ತಿ ಕೂತೆ. ಚಿಕ್ಕಪ್ಪ ಬೇಡ ಎನ್ನಲಿಲ್ಲ. ಸಾಮಾನು ಇಳಿಸಿದೆವು. ಸಾವಿನ ಮನೆಯಲ್ಲಿ ಬರ್ತೀವಿ ಎನ್ನುವ ಹಾಗಿಲ್ಲವಾದ್ದರಿಂದ ಸುಮ್ಮನೆ ಹೊರಟೆವು. ಆಷಾಢದ ಗಾಳಿ ಖಾಲಿ ಗಾಡಿಯನ್ನು ಪಕ್ಕದಿಂದ ತಳ್ಳುತ್ತಿತ್ತು. ಬೇರೆ ದಾರಿ ಎಂದರೆ ಈಗ ಎಲ್ಲಿದೆ? ಅಪಾರ್ಟ್‌ಮೆಂಟುಗಳ ಕಾಂಪೌಂಡುಗಳ ನಡುವೆ, ಒಂದು ಸಸಿಗಳ ನರ್ಸರಿಯ ಬೆನ್ನಿಗೆ, ಚಿಕ್ಕಪ್ಪ ಸಂದು ಹಿಡಿದು ಹೋದ. ಮನೆಗಳು ಮುಗಿದವು. ಮಣ್ಣಿನ ಒಂದು ಏರು ಬಂತು. ಏರಿನ ತುದಿಯಲ್ಲಿ ಎತ್ತರದ ಗೋಡೆ, ಅದರ ಮೇಲೆ ಬೋರ್‌ವೆಲ್ ಕೊರೆಸುವವರ ಜಾಹೀರಾತು, ಬುಡದಲ್ಲಿ ಹರಿದ ಫ್ಲೆಕ್ಸ್ ರಾಶಿ.

ಗಾಡಿ ಮೂತಿ ಎತ್ತಿ ಗೋಡೆಯೆದುರು ನಿಂತಿತು. ಚಿಕ್ಕಪ್ಪ ನ್ಯೂಟ್ರಲ್ ಮಾಡಿ ಹ್ಯಾಂಡ್‌ಬ್ರೇಕ್ ಎಳೆದ. ಕೈಗಳನ್ನು ತೊಡೆಯ ಮೇಲಿಟ್ಟುಕೊಂಡ.

"ಯಾಕೆ?" ಎಂದೆ.

"ಗೇಟ್ ಬಿದ್ದದೆ" ಎಂದ.

ಗೋಡೆಯ ಆಚೆ ರೈಲು ಹಳಿ. ನಾನು ಪ್ರೈಮರಿ ಶಾಲೆಯಲ್ಲಿದ್ದಾಗ ಅಲ್ಲಿ ರೈಲ್ವೆ ಗೇಟಿತ್ತು ಎಂದು ಮಸುಕಾಗಿ ನೆನಪಾಯಿತು. ಸ್ವಲ್ಪ ದೂರದಲ್ಲಿ ಅಂಡರ್‌ಪಾಸ್ ಬಂದ ಮೇಲೆ ಗೇಟು ತೆಗೆದು ಗೋಡೆ ಎತ್ತಿದ್ದರು. ಚಿಕ್ಕಪ್ಪ ತಮಾಷೆ ಮಾಡುತ್ತಿದ್ದಾನೆಂದು ನಗಲು ಹೋದೆ. ಅವನ ಮುಖದಲ್ಲಿದ್ದದ್ದು ಗೇಟಿನ ಮುಂದೆ ಕಾಯುವ ಯಾರ ಮುಖದಲ್ಲೂ ಇರುವಂಥ ಸಾಧಾರಣ ಬೇಸರ.  ಹುಚ್ಚಿನ ಕಳೆ ಇದ್ದಿದ್ದರೆ ಅಷ್ಟು ಹೆದರುತ್ತಿರಲಿಲ್ಲ.

ಏರಿನಲ್ಲಿ ಮುಳ್ಳು ಕುಸಿದು ಕೆಂಪು ಮುಟ್ಟಿತ್ತು. ನಾನು ಅದನ್ನು ನೋಡುತ್ತಿರುವುದು ಕಂಡು ಚಿಕ್ಕಪ್ಪ ಹೆಗಲ ಮೇಲಿನ ಟವೆಲ್ ತೆಗೆದು, ಮಗುವಿನ ಮುಖಕ್ಕೆ ಹೊದಿಸುವಂತೆ, ಡಯಲ್ಲಿನ ಮೇಲೆ ಹೊದಿಸಿದ. ಡೀಸೆಲ್ ಇಲ್ಲಿ ಉರಿದುಹೋಗುತ್ತಿದೆ, ಆರಿಸಬಹುದಲ್ಲ ಎಂದೆ.

"ಆರ್ಸ್ಬಾರ್ದು. ನಿಂತಲ್ಲಿ ಆರ್ಸಿದ್ರೆ ಹತ್ತೋರು ಹತ್ಕೊಂಬಿಡ್ತಾರೆ."

ಯಾರು ಎಂದು ನಾನು ಕೇಳಲಿಲ್ಲ. ಎಷ್ಟು ಹೊತ್ತು ಕೂತೆವೋ. ದಿನಚರಿಯಲ್ಲಿ 'ರೈಲು ಹೋಯಿತು' ಎಂದು ಬರೆದಿದ್ದೇನೆ. ನೆನಪಿನಲ್ಲಿ ರೈಲೇ ಇಲ್ಲ. ಎಂಜಿನ್ನಿನ ನಡುಕ ಮಾತ್ರ, ಸೀಟಿನಿಂದ ಹಲ್ಲಿನವರೆಗೆ. ಕೊನೆಗೆ ಚಿಕ್ಕಪ್ಪ ನಿಟ್ಟುಸಿರು ಬಿಟ್ಟು, "ಎತ್ತಿದ್ರು" ಎಂದ. ಟವೆಲ್ ತೆಗೆದು ಹೆಗಲಿಗೆ ಹಾಕಿದ. ಆಮೇಲೆ ಗಾಡಿಯನ್ನು ಅಚ್ಚುಕಟ್ಟಾಗಿ ರಿವರ್ಸ್ ತೆಗೆದು, ಅಂಡರ್‌ಪಾಸ್ ದಾರಿ ಹಿಡಿದು, ಯಲಹಂಕದ ಟ್ರಾಫಿಕ್ಕನ್ನು ಬೈಯುತ್ತ ಮನೆ ಮುಟ್ಟಿಸಿದ. ಎತ್ತಿದ ಗೇಟನ್ನು ಏಕೆ ದಾಟಲಿಲ್ಲ ಎಂಬ ಪ್ರಶ್ನೆ ಅವನಿಗಿರಲಿಲ್ಲ.

ಡೀಸೆಲ್ ಎಲ್ಲಿ ಹೋಗುತ್ತಿತ್ತೆಂಬುದು ಗೊತ್ತಾಯಿತು. ಗೊತ್ತಾದದ್ದರಿಂದ ಏನು ಮಾಡಬೇಕೆಂದು ಗೊತ್ತಾಗಲಿಲ್ಲ. ಹೇಳದಿದ್ದರೆ ಚಿಕ್ಕಪ್ಪ ಕಳ್ಳನೆಂದು ಗಾಡಿಯಿಂದ ಇಳಿಯುತ್ತಾನೆ. ಹೇಳಿದರೆ ತಲೆ ಕೆಟ್ಟವನೆಂದು ಇಳಿಯುತ್ತಾನೆ. ಎರಡು ದಿನ ತಡೆದೆ. ಅವನ ಕೈಯಲ್ಲಿ ಗಾಡಿ ಎಲ್ಲಾದರೂ ಯಾರ ಮೇಲಾದರೂ ಹರಿದರೆ ಎಂಬ ಭಯವೇ ಕೊನೆಗೆ ಗೆದ್ದು, ಅಪ್ಪನಿಗೆ ಎಲ್ಲ ಹೇಳಿದೆ.

ಅಪ್ಪ ನಗಲಿಲ್ಲ, ಆಶ್ಚರ್ಯಪಡಲಿಲ್ಲ. ಗೋಡೆಯ ಬಗ್ಗೆ ಏನನ್ನೂ ಕೇಳಲಿಲ್ಲ. "ಎಂಜಿನ್ ಆನ್ ಇಟ್ಕೊಂಡೇ ನಿಲ್ಲಿಸ್ತಾನಾ?" ಎಂದೊಂದನ್ನೇ ಕೇಳಿದ. ಹೂಂ ಎಂದೆ. ಅಂಗೈ ನೋಡಿಕೊಂಡ. ಮರುದಿನ ಬೆಳಿಗ್ಗೆ ವೇಲುವಿನ ಮುಂದೆ, ಮುನಿರಾಜು ಒಂದು ತೊಟ್ಟು ಡೀಸೆಲ್ ಮುಟ್ಟಿಲ್ಲ, ಯಾರೂ ಆ ಮಾತು ಆಡಬಾರದು ಎಂದ. ಆದರೆ ದಾಸರಹಳ್ಳಿಯವನು ಬರುವುದು ಬರುವುದೇ. ಅಲ್ಲಿಯವರೆಗೆ ಗಾಡಿ ನಾನು ಓಡಿಸಬೇಕು, ಚಿಕ್ಕಪ್ಪ ಬೇಕಾದರೆ ಪಕ್ಕದಲ್ಲಿ ಕೂರಬಹುದು. ಆಮೇಲೆ ಅದೂ ಇಲ್ಲ. ನನಗೆ ಗಾಡಿ ಕಲಿಸಿದವನೇ ಚಿಕ್ಕಪ್ಪ. ಕೀ ಕೇಳಿದಾಗ ಜೇಬಿನಿಂದ ತೆಗೆದು, ಶರ್ಟಿನ ಅಂಚಿಗೆ ಒರೆಸಿ ಕೊಟ್ಟ.

ಅಮ್ಮ ನನಗೆ ಹಳೆಯ ಸಂಗತಿ ಹೇಳಿದ್ದು ಈ ಹೊತ್ತಿನಲ್ಲೇ ಇರಬೇಕು, ಮಹಡಿಯಲ್ಲಿ ಕುರ್ಚಿಯ ಬಟ್ಟೆಗಳನ್ನು ಒಣಹಾಕುತ್ತ. ಚಿಕ್ಕಪ್ಪನ ಜೊತೆಗಿನ ಕೊನೆಯ ಓಡಾಟಕ್ಕೆ ಮೊದಲು ಹೇಳಿದಳೋ ಆಮೇಲೋ ಎಂಬುದು ನನಗೆ ಎಷ್ಟು ಕೆದಕಿದರೂ ಸಿಗುವುದಿಲ್ಲ. ಆಮೇಲೆ ಎಂದುಕೊಳ್ಳುವುದು ಹಿತ. ಆದರೆ ಅಮ್ಮನ ಕೈಯಲ್ಲಿ ಸೋನೆಗೆ ಒಣಗದೆ ಉಳಿದ ಹಸಿ ಬಟ್ಟೆ ನೆನಪಾಗುತ್ತದೆ. ಆಮೇಲಿನ ದಿನಗಳಲ್ಲಿ ಒಳ್ಳೆ ಬಿಸಿಲಿತ್ತು.

ನಾನು ಕೂಸಾಗಿದ್ದಾಗ ಒಂದು ಮಧ್ಯಾಹ್ನ ತಾತನಿಗೆ ಎದೆನೋವು ಬಂತಂತೆ. ಆಗಿನ ಹಳೆಯ ಗಾಡಿಯಲ್ಲಿ ಅಪ್ಪ ಡ್ರೈವಿಂಗಿಗೆ ಕೂತ. ಮಂಡಿ ನೋವಿದ್ದ ತಾತನನ್ನು ಎತ್ತಿ ಹತ್ತಿಸಿ, ಗಾಳಿ ಬರಲಿ ಎಂದು ಎಡಗಡೆ ಬಾಗಿಲ ಪಕ್ಕ ಕೂರಿಸಿ, ಚಿಕ್ಕಪ್ಪ ನಡುವೆ ಕೂತು ಹಿಡಿದುಕೊಂಡ. ಯಲಹಂಕದ ಆಸ್ಪತ್ರೆಗೆ ಹೋಗುವಾಗ ಆ ಗೇಟು ಬಿದ್ದಿತ್ತು. ಏರಿನ ಮೇಲೆ ನಿಂತಾಗ ಮುಳ್ಳು ಕೆಂಪಿಗೆ ಬಿತ್ತು. ಆಸ್ಪತ್ರೆ ಮುಟ್ಟುವವರೆಗೆ ಡೀಸೆಲ್ ಸಾಲದೇ ಹೋದರೆ ಎಂದು ಅಪ್ಪ ಎಂಜಿನ್ ಆರಿಸಿದ. ಆರಿಸಬೇಡ ಎಂದು ಚಿಕ್ಕಪ್ಪ ಹೇಳಿದ. ಗೂಡ್ಸ್ ರೈಲು ಮುಗಿಯದಷ್ಟು ಉದ್ದ ಇತ್ತು. ಗೇಟು ಎತ್ತಿದಾಗ ಗಾಡಿ ಸ್ಟಾರ್ಟ್ ಆಗಲಿಲ್ಲ. ಹಿಂದಿದ್ದವರು ಇಳಿದು ಬಂದು ತಳ್ಳಿ ಸ್ಟಾರ್ಟ್ ಮಾಡಿಸುವ ಹೊತ್ತಿಗೆ ಚಿಕ್ಕಪ್ಪನ ತೋಳಿನಲ್ಲಿ ತಾತ ಹೋಗಿಬಿಟ್ಟಿದ್ದರು. ಆಚೆ ಮಟ್ಟಸ ರಸ್ತೆಗೆ ಬಂದಾಗ ಮುಳ್ಳು ಎದ್ದು ಅರ್ಧದ ಹತ್ತಿರ ನಿಂತಿತಂತೆ. ಅದನ್ನು ಇಬ್ಬರೂ ನೋಡಿದರು. ಒಬ್ಬರನ್ನೊಬ್ಬರು ಬೈಯಲಿಲ್ಲ. ಅವತ್ತಿನಿಂದ ಮಾತೇ ಆಡಲಿಲ್ಲ. ನೀರು ಹಾಕುವವರೆಗೆ ಎಂಜಿನ್ ಆರಿಸಬಾರದೆಂಬ ಕಟ್ಟಳೆ ಹುಟ್ಟಿದ್ದು ಆಮೇಲೆ, ಮಾಡಿದವನು ಚಿಕ್ಕಪ್ಪ.

ಭೀಮನ ಅಮಾವಾಸ್ಯೆಗೆ ಇನ್ನೇನು ಆಷಾಢ ಮುಗಿಯುತ್ತದೆ ಎನ್ನುವಾಗ ಅದೇ ದಿಕ್ಕಿನ ಇನ್ನೊಂದು ಊರಿನಿಂದ ಫೋನ್ ಬಂತು. ಚಿಕ್ಕಪ್ಪನಿಗೆ ಅದು ಗಾಡಿಯಲ್ಲಿ ಕೊನೆಯ ದಿನವೆಂದು ಎಲ್ಲರಿಗೂ ಗೊತ್ತಿತ್ತು. ಒಗೆದ ಶರ್ಟು ಹಾಕಿಕೊಂಡು ಬಂದು ನನ್ನ ಎಡಗಡೆ, ಬಾಗಿಲ ಪಕ್ಕ ಕೂತ. ಸಾಮಾನು ಇಳಿಸಿ ಹೊರಟಾಗ ಬೆರಳಿನಲ್ಲಿ ದಾರಿ ತೋರಿಸಿದ. ನಾನು ನೇರ ಅಂಡರ್‌ಪಾಸಿಗೆ ಹೋಗಬಹುದಿತ್ತು. ಕೊನೆಯ ಸಲವಲ್ಲವೇ ಎಂದು ಬೆರಳಿನಂತೆ ಹೋದೆ. ಮಧ್ಯಾಹ್ನದ ಬೆಳಕು ಸೋನೆಯಲ್ಲಿ ಸಂಜೆಯಷ್ಟು ಮಂಕಾಗಿತ್ತು. ಏರು ಹತ್ತಿ ಗೋಡೆಯೆದುರು ನಿಲ್ಲಿಸಿದೆ. ಮುಳ್ಳು ಕೆಂಪಿಗಿಳಿಯಿತು.

ಎಂಜಿನ್ ಆರಿಸಿದೆ.

ಏಕೆ ಆರಿಸಿದೆನೆಂದು ಇಷ್ಟು ವರ್ಷ ಕೇಳಿಕೊಂಡಿದ್ದೇನೆ. ಡೀಸೆಲ್ ಉಳಿಸಲು ಎಂಬುದು ಸುಳ್ಳು. ಸದ್ದು ನಿಂತರೆ ಅವನಿಗೆ ಗೋಡೆ ಕಾಣಬಹುದು ಎಂಬ ಆಸೆ ಇದ್ದಿರಬೇಕು. ಏನಾಗುತ್ತದೆ ನೋಡೇಬಿಡೋಣ ಎಂಬ ಕುತೂಹಲ ಇರಲಿಲ್ಲ ಎಂದು ಆಣೆ ಮಾಡಲಾರೆ.

ಎಂಥ ಮೌನವೆಂದರೆ ಸೋನೆ ಟಾಪಿನ ಮೇಲೆ ಬೀಳುವುದು ಕೇಳಿಸಿತು. ಎಂಜಿನ್ ಆರಿದ ಮೇಲೂ ಸ್ಟಿಯರಿಂಗ್ ನಡುಗುತ್ತಿತ್ತು. ನನ್ನ ಕೈ ನಡುಗುತ್ತಿದ್ದಿರಬಹುದು ಎಂದು ಕೈ ತೆಗೆದೆ. ಸ್ಟಿಯರಿಂಗ್ ತಾನೇ ಸಣ್ಣಗೆ ನಡುಗುತ್ತಿತ್ತು, ಉದ್ದನೆಯದೇನೋ ಆಚೆ ಹಾಯುತ್ತಿರುವಂತೆ. ಸದ್ದು ಮಾತ್ರ ಇಲ್ಲ. ಆಮೇಲೆ ನಿಂತಿತು.

ಚಿಕ್ಕಪ್ಪ ಸಿಟ್ಟಾಗುತ್ತಾನೆಂದು ತಿರುಗಿದೆ. ಅವನು ನನ್ನನ್ನು ನೋಡುತ್ತಿರಲಿಲ್ಲ. ಕಿಟಕಿಯ ಕಡೆ ನೋಡಿ, ತಲೆ ಆಡಿಸಿ, ಪಂಚೆ ಒತ್ತರಿಸಿಕೊಂಡು ನನ್ನ ಕಡೆಗೆ ಜರುಗಿದ. ಗೇರಿಗೆ ಮಂಡಿ ತಾಗುವಷ್ಟು ಜರುಗಿ, ಎಡದ ತೋಳನ್ನು ಸೀಟಿನ ಬೆನ್ನಿನ ಮೇಲೆ ಚಾಚಿದ. ಬಾಗಿಲ ಪಕ್ಕದ ಜಾಗ ಖಾಲಿಯಾಯಿತು. ಅಲ್ಲಿ ಸೀಟು ಒದ್ದೆಯಾಗಿತ್ತು. ಕಿಟಕಿಯ ಗಾಜು ಇಳಿದಿತ್ತು, ಸೋನೆ ಬೀಳುತ್ತಿತ್ತು, ಅಷ್ಟಕ್ಕೆ ಒದ್ದೆಯಾಗಬಹುದು.

"ಹೊರಡವ್ವ" ಎಂದ ಮೆಲ್ಲಗೆ. "ಎತ್ತಿದ್ರು."

ಎಂಜಿನ್ ಮೊದಲ ತಿರುವಿಗೇ ಸ್ಟಾರ್ಟ್ ಆಯಿತು. ಅಂಡರ್‌ಪಾಸಿನ ಏರಿನಲ್ಲಿ ಖಾಲಿ ಗಾಡಿ ತುಂಬಿದ ಗಾಡಿಯಂತೆ ಏದುಸಿರು ಬಿಟ್ಟು ಎರಡನೇ ಗೇರ್ ಕೇಳಿತು. ದಾರಿಯುದ್ದಕ್ಕೂ ಚಿಕ್ಕಪ್ಪ ತೋಳನ್ನು ತೆಗೆಯಲಿಲ್ಲ. ಗುಂಡಿ ಬಂದಾಗ ಮಾತ್ರ ಆ ತೋಳು ಬಿಗಿಯಾಗುತ್ತಿತ್ತು. ನಾನು ಎಡಗಡೆಯ ಕನ್ನಡಿಯನ್ನು ನೋಡದೆ ಯಲಹಂಕ ದಾಟಿದೆ.

ದಾಸರಹಳ್ಳಿಯ ಡ್ರೈವರ್ ಶ್ರಾವಣಕ್ಕೆ ಬರಲಿಲ್ಲ. ಅಪ್ಪ ಅವನಿಗೆ ಫೋನ್ ಮಾಡಿ ಬೇಡವೆಂದ. ಚಿಕ್ಕಪ್ಪ ಮತ್ತೆ ಓಡಿಸಲಿಲ್ಲ, ಆದರೆ ಗಾಡಿಯಿಂದ ಯಾರೂ ಅವನನ್ನು ಇಳಿಸಲೂ ಇಲ್ಲ. ಇರುವಷ್ಟು ದಿನ, ಆಮೇಲೆ ಗಾಡಿ ಓಡಿಸತೊಡಗಿದ ವೇಲುವಿನ ಪಕ್ಕ, ಸೀಟಿನ ನಡುವೆ ಕೂತು ಹೋಗಿಬರುತ್ತಿದ್ದ. ಯಾಕೆ ಮನಸ್ಸು ಬದಲಾಯಿಸಿದೆ ಎಂದು ಅಮ್ಮ ಕೇಳಿದರೆ ಅಪ್ಪ ಮಾತು ತಿರುಗಿಸುತ್ತಾನೆ. ನಾನೂ ಹೇಳಿಲ್ಲ. ಕಂಡದ್ದನ್ನು ಇದ್ದ ಹಾಗೆ ಇಲ್ಲಿ ಬರೆಯುತ್ತೇನೆ.

ನಾವು ಅಂಗಡಿ ಮುಟ್ಟಿದಾಗ ಅಪ್ಪ ಬಕೆಟ್ ಹಿಡಿದು ನಿಂತಿದ್ದ. ನಾಲ್ಕೂ ಚಕ್ರಕ್ಕೆ ನೀರು ಹೊಯ್ದ. ನಾನು ಎಂಜಿನ್ ಆರಿಸಿ ಇಳಿದೆ. ಚಿಕ್ಕಪ್ಪ ತನ್ನ ಕಡೆಯಿಂದ ಇಳಿಯಲಿಲ್ಲ. ಆ ವಯಸ್ಸಿನಲ್ಲಿ ಗೇರ್ ದಾಟಿ, ಸ್ಟಿಯರಿಂಗ್ ಅಡಿ ನುಸುಳಿ, ನನ್ನ ಬಾಗಿಲಿನಿಂದ ಕಷ್ಟಪಟ್ಟು ಇಳಿದು ನನ್ನ ಪಕ್ಕ ನಿಂತ. ಅಪ್ಪ ಅದನ್ನು ನೋಡಿದ. ಮುಚ್ಚಿದ್ದ ಎಡ ಬಾಗಿಲನ್ನೂ ನೋಡಿದ.  ಬಕೆಟ್ ಕೆಳಗಿಟ್ಟು, ಗಾಡಿಯನ್ನು ಸುತ್ತಿ ಹೋಗಿ, ಎಡಗಡೆಯ ಬಾಗಿಲನ್ನು ಪೂರ್ತಿ ತೆರೆದು, ತಲೆ ತಗ್ಗಿಸಿ ಪಕ್ಕಕ್ಕೆ ಸರಿದು ನಿಂತ.

ರಸ್ತೆಯ ಮೇಲೆ ಏರ್‌ಪೋರ್ಟಿನ ಗಾಡಿಗಳು ಹೋಗುತ್ತಿದ್ದವು. ಅಪ್ಪ ತಲೆ ಎತ್ತದೆಯೇ, ಬಾನೆಟ್ಟಿನ ಮೇಲಿಂದ, ತಮ್ಮನನ್ನು ಕೇಳಿದ.

"ಇಳಿದ್ರಾ?"

"ಇನ್ನೂ ಇಲ್ಲ ಕಣಣ್ಣ" ಎಂದ ಚಿಕ್ಕಪ್ಪ. "ಮಂಡಿ ನೋವಲ್ವಾ. ನಿಧಾನಕ್ಕೆ ಇಳೀಲಿ, ಬಿಡು."